ಸೀಟಿಯಮ್ಮನ ಪಾರ್ಕು

ರಾಜಧಾನಿಯ ನಟ್ಟನಡುವಿನ ದೊಡ್ಡ ಪಾರ್ಕಿನಲ್ಲಿ ಸಂಜೆ ಹೊತ್ತು ಕೂತು ಎದ್ದವರಿಗೆಲ್ಲ ಸೀಟಿಯಮ್ಮ ಗೊತ್ತು. ಗೊತ್ತು ಅಂದರೆ, ಒಂದಲ್ಲ ಒಂದು ಸಲ ಅವಳ ಮೇಲೆ ಹಲ್ಲು ಕಡಿದವರೇ ಎಲ್ಲರೂ. ಬಿಸಿಲು ಇಳಿದು ಗಾಳಿ ತಂಪಾಗಿ, ಮಾತು ಈಗಷ್ಟೇ ಹದಕ್ಕೆ ಬಂತು ಎನ್ನುವಾಗ ಎಲ್ಲಿಂದಲೋ ಆ ಸೀಟಿ ಕಿವಿಗೆ ಮೊಳೆ ಹೊಡೆದ ಹಾಗೆ ಕೂಗುತ್ತಿತ್ತು. ಅದರ ಹಿಂದೆಯೇ ಕಂದು ಕೋಟು, ಸೊಂಟದಲ್ಲಿ ಬೀಗದಕೈ ಗೊಂಚಲು, ಗಂಟಿಕ್ಕಿದ ಹುಬ್ಬು.

"ಏಳಿ, ಏಳಿ. ಮನೆ ಮಠ ಇಲ್ವಾ ನಿಮಗೆ?"

ಅವಳಿಗಾದರೂ ಅದೇನು ಸುಖದ ಕೆಲಸವೇ? ಒಬ್ಬರನ್ನು ಎಬ್ಬಿಸಿ ಗೇಟಿನ ತನಕ ಕಳಿಸಿ ತಿರುಗಿ ನೋಡುವಷ್ಟರಲ್ಲಿ ಮತ್ತಿಬ್ಬರು ಪೊದೆಯ ಹಿಂದೆ ಸೇರಿಕೊಂಡಿರುತ್ತಿದ್ದರು. ಚದುರಂಗದವರು 'ರಾಜ ಸಿಕ್ಕಿಬಿದ್ದಿದ್ದಾನೆ, ಒಂದೇ ನಿಮಿಷ' ಎನ್ನುತ್ತಿದ್ದರು. ತಾಯಂದಿರು 'ಮಗು ಇನ್ನೊಂದು ಸಲ ಜಾರಿ ಬರ್ಲಿ' ಎನ್ನುತ್ತಿದ್ದರು. ಎಲ್ಲರಿಗಿಂತ ದೊಡ್ಡ ತಲೆನೋವು ನಿವೃತ್ತ ಗಣಿತದ ಮೇಷ್ಟ್ರು. ಛತ್ರಿ ಬೀಸುತ್ತಾ ಕೊಳದ ಸುತ್ತ ನಡೆಯುವ ಆ ಮನುಷ್ಯ ಸೀಟಿ ಕೇಳಿದ ಕೂಡಲೇ ನಡಿಗೆ ಜೋರು ಮಾಡುತ್ತಿದ್ದರು, ಆದರೆ ಗೇಟಿನ ಕಡೆಗಲ್ಲ. "ಇನ್ನೊಂದು ಸುತ್ತು ತಾಯಿ, ಇನ್ನೊಂದೇ ಸುತ್ತು!" ಅವರ ಆ ಇನ್ನೊಂದು ಸುತ್ತು ಮುಗಿಯುವ ಹೊತ್ತಿಗೆ ಅವಳ ಅಡುಗೆಮನೆಯಲ್ಲಿ ಒಲೆಯ ಮೇಲಿಟ್ಟದ್ದು ಸೀದು ಕರಿಕಲಾಗಿರುತ್ತಿತ್ತು.

ಅಡುಗೆಮನೆ ಗೇಟಿಗೆ ಅಂಟಿಕೊಂಡೇ ಇತ್ತು. ಗೇಟಿನ ಪಕ್ಕದ ಎರಡು ಕೋಣೆಗಳೇ ಅವಳ ಮನೆ. ಒಂದು ಕಿಟಕಿ ಬೀದಿಗೆ, ಇನ್ನೊಂದು ಪಾರ್ಕಿಗೆ. ಬೀದಿಯ ಕಡೆಯಿಂದ ಧೂಳು, ಪಾರ್ಕಿನ ಕಡೆಯಿಂದ ಎಲೆ. ಎಷ್ಟು ಗುಡಿಸಿದರೂ ಮುಗಿಯದು. ಅವಳು ಹುಟ್ಟಿದ್ದು ಆ ಒಳಕೋಣೆಯಲ್ಲೇ. ಅವಳಿಗಿಂತ ಮುಂಚೆ ಗೇಟು ಕಾಯುತ್ತಿದ್ದವನು ಅವಳಪ್ಪ.

ಪಾರ್ಕಿನ ಕಥೆಯನ್ನು ಅಪ್ಪ ಹೇಳುತ್ತಿದ್ದದ್ದು ಹೀಗೆ. ಮೊದಲು ಅದು ಅರಸರ ಬೇಸಿಗೆ ಮನೆಯ ಹಿತ್ತಿಲು. ಸುತ್ತ ಎತ್ತರದ ಕಲ್ಲುಗೋಡೆ, ಗೋಡೆಯ ನೆತ್ತಿಯಲ್ಲಿ ಗಾಜಿನ ಚೂರು. ಊರವರಿಗೆ ಕಾಣುತ್ತಿದ್ದದ್ದು ಮರಗಳ ತುದಿ ಮಾತ್ರ. ಕೊನೆಕೊನೆಗೆ, ಜನ ಗೊಣಗತೊಡಗಿದ ಮೇಲೆ, ಅರಸರು ವಾರಕ್ಕೊಂದು ಮಧ್ಯಾಹ್ನ ಬಾಗಿಲು ತೆರೆಸಿದರು. ಕಾಲಲ್ಲಿ ಬೂಟು ಇದ್ದವರಿಗೆ ಮಾತ್ರ ಪ್ರವೇಶ. ಅಪ್ಪ ತನ್ನಣ್ಣನ ಬೂಟಿಗೆ ಕಾಗದ ತುರುಕಿಕೊಂಡು ಒಳಗೆ ಹೋಗಿದ್ದನಂತೆ. ಏನು ನೋಡಿದೆ ಎಂದು ಕೇಳಿದರೆ, "ಬೂಟು ಎಲ್ಲಿ ಬಿದ್ದುಹೋಗುತ್ತೋ ಅಂತ ಕಾಲನ್ನೇ ನೋಡ್ಕೊಂಡು ಬಂದೆ" ಎನ್ನುತ್ತಿದ್ದ.

ಅರಸರು ಹೋದರು. ಜನ ನುಗ್ಗಿ ಗೋಡೆ ಕೆಡವಿ ಕಲ್ಲುಗಳನ್ನು ತಮ್ಮ ತಮ್ಮ ಮನೆ ಕಟ್ಟಲು ಹೊತ್ತೊಯ್ದರು. ಹೊಸ ಸರ್ಕಾರ ಕಬ್ಬಿಣದ ಬೇಲಿ ಹಾಕಿಸಿ, ಗೇಟು ನಿಲ್ಲಿಸಿ, ಅಪ್ಪನನ್ನು ಕಾವಲಿಗೆ ಇಟ್ಟಿತು. ಆಮೇಲೆ ಯುದ್ಧ ಬಂತು. ಬಂದೂಕು ಮಾಡಲು ಕಬ್ಬಿಣ ಬೇಕೆಂದು ಬೇಲಿಯನ್ನೆಲ್ಲ ಕತ್ತರಿಸಿ ಲಾರಿಗೆ ಹೇರಿಕೊಂಡು ಹೋದರು. ಗೇಟನ್ನು ಮಾತ್ರ ಯಾಕೋ ಮರೆತರು. ಹೂವಿನ ಪಾತಿಯಲ್ಲಿ ಕೋಸು ಬೆಳೆಯುತ್ತಿದ್ದ ಆ ವರ್ಷಗಳಲ್ಲಿ ಅಪ್ಪ ಪ್ರತಿ ಸಂಜೆಯೂ, ಎರಡು ಪಕ್ಕದಲ್ಲೂ ಬೇಲಿಯೇ ಇಲ್ಲದ ಗೇಟಿಗೆ ನಿಷ್ಠೆಯಿಂದ ಬೀಗ ಹಾಕುತ್ತಿದ್ದ. ಜನ ಗೇಟಿನ ಪಕ್ಕದಿಂದ ನಡೆದು ಹೋಗುತ್ತಾ ಅವನಿಗೆ ನಮಸ್ಕಾರ ಹೇಳುತ್ತಿದ್ದರು. ಯಾಕಪ್ಪಾ ಹಾಗೆ ಮಾಡುತ್ತಿದ್ದೆ ಎಂದರೆ, "ಬೀಗ ಹಾಕ್ಬೇಡ ಅಂತ ಯಾರೂ ಹೇಳ್ಲಿಲ್ವಲ್ಲ" ಅಷ್ಟೇ ಅವನ ಉತ್ತರ.

ಯುದ್ಧ ಮುಗಿದ ಮೇಲೆ ಬೇಲಿ ಮತ್ತೆ ಬಂತು, ಮೊದಲಿನದಕ್ಕಿಂತ ತೆಳ್ಳಗೆ. ಕುದುರೆ ಏರಿದ ಸೇನಾಪತಿಯ ಪ್ರತಿಮೆಯೂ ಬಂತು. ಮುಂದಿನ ಸರ್ಕಾರಕ್ಕೆ ಆ ಸೇನಾಪತಿಯನ್ನು ಕಂಡರೆ ಆಗುತ್ತಿರಲಿಲ್ಲ. ಅವನನ್ನು ಇಳಿಸಿ ಕೊಂಡೊಯ್ದರು. ಕುದುರೆಯದೇನೂ ತಪ್ಪಿಲ್ಲವೆಂದು ಅಲ್ಲೇ ಬಿಟ್ಟರು.

ಅಪ್ಪನ ಮಂಡಿ ಕೈಕೊಟ್ಟಾಗ ಅವಳು ಗುಂಡಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಅಂಗಿಯ ಗುಂಡಿಗೆ ತೂತು ಹಾಕುವ ಯಂತ್ರದ ಮುಂದೆ ಕೂತು ಕಣ್ಣು ಮಂಜಾಗುತ್ತಿದೆ ಎಂದು ಗೊಣಗುತ್ತಿದ್ದ ಕಾಲ. ಗೇಟು ಬಿಟ್ಟರೆ ಮನೆಯೂ ಬಿಡಬೇಕು ಎಂದಾಗ ಅವಳೇ ಅಪ್ಪನ ಕೋಟು ತೊಟ್ಟಳು. ತೋಳು ಬೆರಳ ತುದಿ ದಾಟುತ್ತಿತ್ತು. ಹೆಂಗಸಿನ ಅಳತೆಯದ್ದು ಕೊಡಿ ಎಂದು ಇಲಾಖೆಯನ್ನು ಕೇಳಿ ಕೇಳಿ ಸಾಕಾಗಿ, ಕೊನೆಗೆ ತಾನೇ ಕತ್ತರಿಸಿ ಹೊಲಿದುಕೊಂಡಳು.

ಮದುವೆಯಾದದ್ದೂ ಆ ಬೀಗದ ದೆಸೆಯಿಂದಲೇ. ಒಂದು ಸಂಜೆ ಎಲ್ಲರನ್ನೂ ಓಡಿಸಿ ಬೀಗ ಹಾಕಿ ಊಟಕ್ಕೆ ಕೂತರೆ ಹಿಂದಿನ ಕಿಟಕಿಯಲ್ಲೊಂದು ಮುಖ. ರೇಡಿಯೋ ರಿಪೇರಿಯವನು ಗಿರಾಕಿಯ ರೇಡಿಯೋವನ್ನು ಎದೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಮಲಗಿ ನಿದ್ದೆಹೋಗಿದ್ದ. "ಸೀಟಿ ಕೇಳಿಸ್ಲಿಲ್ವಾ?" ಎಂದು ರೇಗಿದಳು. "ಸ್ಟೇಷನ್ ಸಿಗದೆ ರೇಡಿಯೋ ಕೂಗ್ತಿದೆ ಅಂದ್ಕೊಂಡೆ" ಎಂದ ಅವನು. ಮರುದಿನ ದೂರು ಕೊಡಲು ಬಂದ. ಅದರ ಮರುದಿನವೂ ಬಂದ. ಅವನ ದೂರು ಮುಗಿಯುವುದಿಲ್ಲವೆಂದು ಖಾತ್ರಿಯಾದ ಮೇಲೆ ಅಪ್ಪ ಇಬ್ಬರಿಗೂ ಮದುವೆ ಮಾಡಿಸಿದ.

ಮಗಳು ಹುಟ್ಟಿದಳು, ಓದಿದಳು, ನಕ್ಷೆ ಬರೆಯುವುದನ್ನು ಕಲಿತು ನಗರದ ಉದ್ಯಾನ ಇಲಾಖೆಯಲ್ಲೇ ಕೆಲಸಕ್ಕೆ ಸೇರಿದಳು. ಸೀಟಿಯಮ್ಮನಿಗೆ ಹೆಮ್ಮೆಯೋ ಹೆಮ್ಮೆ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮೇಷ್ಟ್ರಿಗೆ ಆವತ್ತು ಇನ್ನೊಂದು ಸುತ್ತು ನಡೆಯಲು ಬಿಟ್ಟಳು.

ಹೀಗಿರುವಾಗ ಒಂದು ದಿನ ಊಟದ ಹೊತ್ತಿಗೆ ಮಗಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಅಮ್ಮ, ಒಂದು ವಿಷಯ. ಕೂಗಾಡಬಾರದು."

"ಕೂಗಾಡೋ ವಿಷಯ ಆದ್ರೆ ಕೂಗಾಡ್ತೀನಿ. ಹೇಳು."

"ಪಾರ್ಕಿನ ಬೇಲಿ ತೆಗೀತಾರೆ. ಗೇಟೂ ಇರಲ್ಲ. ಯಾವಾಗ ಬೇಕಾದ್ರೂ ಬರಬಹುದು, ಯಾವಾಗ ಬೇಕಾದ್ರೂ ಹೋಗಬಹುದು."

"ಯಾವ ತಲೆಕೆಟ್ಟೋರಿಗೆ ಹೊಳೀತು ಇದು?"

ಗಂಡ ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ತಲೆಕೆಟ್ಟೋರು ಇಲ್ಲೇ ಊಟ ಮಾಡ್ತಿದ್ದಾರೆ ಕಣೇ. ನಕ್ಷೆ ಬರೆದಿರೋದೇ ನಿನ್ನ ಮಗಳು."

"ನಿಮಗೂ ಗೊತ್ತಿತ್ತಾ? ಅಪ್ಪ ಮಗಳು ಸೇರ್ಕೊಂಡು ನನ್ನ ಬೆನ್ನ ಹಿಂದೆ?"

"ಅವಳು ಪೆನ್ಸಿಲ್ ಕೆತ್ತಿಕೊಡು ಅಂದ್ಳು. ಕೆತ್ತಿಕೊಟ್ಟೆ. ನಾನೇನು ಮಾಡಿದೆ?"

ಅವಳಿಗೆ ಪಿತ್ತ ನೆತ್ತಿಗೇರಿತು. ಬೇಲಿ ಇಲ್ಲದಿದ್ದರೆ ಹೂವು ಒಂದಾದರೂ ಉಳಿಯುತ್ತದೆಯೇ, ಬೆಂಚು ಉಳಿಯುತ್ತದೆಯೇ, ಹುಲ್ಲಿನ ಮೇಲೆ ಸ್ಕೂಟರ್ ಬಿಡುವುದಿಲ್ಲವೇ, ಕುಡುಕರು ಬಂದು ಬೀಳುವುದಿಲ್ಲವೇ ಎಂದು ಒಂದೇ ಉಸಿರಿಗೆ ಕೇಳಿದಳು. ಮಗಳು ಎಲ್ಲವನ್ನೂ ಕೇಳಿಸಿಕೊಂಡು, ಬೇರೆಯೇ ಏನನ್ನೋ ಹೇಳಿದಳು.

"ಶಾಲೆಯಲ್ಲಿ ನನ್ನ ಜೈಲರ್ ಮಗಳು ಅಂತಿದ್ರು, ಗೊತ್ತಾ ನಿನಗೆ? ನನ್ನ ಗೆಳತಿಯರನ್ನೆಲ್ಲ ನೀನೇ ಸೀಟಿ ಊದಿ ಓಡಿಸ್ತಿದ್ದೆ. ಆಮೇಲೆ ಇಷ್ಟು ದೊಡ್ಡ ಪಾರ್ಕಲ್ಲಿ ನಾನೊಬ್ಬಳೇ. ಜಾರುಬಂಡೆ ನಂದೇ, ಉಯ್ಯಾಲೆ ನಂದೇ. ತಳ್ಳೋಕೆ ಯಾರೂ ಇಲ್ಲ."

"ನಾನು ತಳ್ತಿರ್ಲಿಲ್ವಾ?"

"ನೀನು ಕಾಗದದ ಚೂರು ಆಯ್ತಿದ್ದೆ ಅಮ್ಮ."

ಸೀಟಿಯಮ್ಮ ತಟ್ಟೆಗಳನ್ನೆತ್ತಿ ಹೋಗಿ, ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡುತ್ತಾ ತೊಳೆದಳು. ಮುಂದೆ ಎಷ್ಟೋ ದಿನ ಮನೆಯಲ್ಲಿ ಮಾತೆಲ್ಲ ಗಂಡನ ಮೂಲಕವೇ ನಡೆಯಿತು. "ಉಪ್ಪು ಬೇಕಂತೆ ನಿಮ್ಮ ಮಗಳಿಗೆ, ಕೊಡಿ." "ಸಾಕು ಅಂತ ಅಮ್ಮನಿಗೆ ಹೇಳಪ್ಪಾ."

ಸುದ್ದಿ ಹಬ್ಬಿತು. ಆಗ ನಡೆದದ್ದನ್ನು ನೆನೆಸಿಕೊಂಡರೆ ಅವಳಿಗೆ ಇವತ್ತಿಗೂ ತಲೆ ಚಿಟ್ಟು ಹಿಡಿಯುತ್ತದೆ. ಇಷ್ಟು ವರ್ಷ ಅವಳನ್ನು ಬಾಯಿಗೆ ಬಂದಂತೆ ಅಂದವರೆಲ್ಲ ಒಬ್ಬೊಬ್ಬರಾಗಿ ಮನೆಬಾಗಿಲಿಗೆ ಬಂದರು. ಚದುರಂಗದವರು ಬಂದರು, ತಾಯಂದಿರು ಬಂದರು, ಎಲ್ಲರ ಮುಂದಾಳಾಗಿ ಛತ್ರಿ ಬೀಸುತ್ತಾ ಮೇಷ್ಟ್ರು ಬಂದರು.

"ತಾಯಿ, ಗೇಟು ಉಳಿಸ್ಬೇಕು. ನಿನ್ನ ಕಾವಲಿಲ್ಲದೆ ಈ ಪಾರ್ಕು ಪಾರ್ಕಾಗಿ ಉಳಿಯುತ್ತಾ?"

"ಹೋದ ವಾರ ನೀವೇ ತಾನೇ ನನ್ನ ಯಮದೂತಿ ಅಂದಿದ್ದು?"

"ಅದು ಪ್ರೀತಿಯಿಂದ ಅಂದಿದ್ದು."

"ಪ್ರೀತಿ ಇದ್ದಿದ್ರೆ ಹೇಳಿದ ಹೊತ್ತಿಗೆ ಮನೆಗೆ ಹೋಗ್ತಿದ್ರಿ ಮೇಷ್ಟ್ರೇ."

ಆದರೂ ಒಪ್ಪಿಕೊಂಡಳು. ಬೇರೆ ದಾರಿ ಇರಲಿಲ್ಲ. ನಗರಸಭೆಯವರು ಅಹವಾಲು ಕೇಳುವ ಸಭೆ ಕರೆದಿದ್ದರು. ಎಲ್ಲರ ಮಾತು ಮುಗಿದ ಮೇಲೆ ಆಕ್ಷೇಪ ಇರುವವರು ಕೈ ಎತ್ತಬೇಕು, ಎತ್ತಿದ ಕೈಗಳು ಸಾಕಷ್ಟಿದ್ದರೆ ಯೋಜನೆ ಅಲ್ಲಿಗೇ ನಿಲ್ಲುತ್ತದೆ ಎಂದು ಮೇಷ್ಟ್ರು ಮನೆಮನೆಗೆ ಹೋಗಿ ತಿಳಿಸಿದರು. ಸಭೆಯ ದಿನ ನಗರಸಭೆಯ ದೊಡ್ಡ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಮೇಜಿನಲ್ಲಿ ನೆಗಡಿಯಾದ ಅಧಿಕಾರಿ, ಅವನ ಪಕ್ಕದಲ್ಲಿ ನಕ್ಷೆಯ ಸುರುಳಿ ಹಿಡಿದ ಮಗಳು. ಎದುರಿನ ಸಾಲಿನಲ್ಲಿ ಕೋಟು ತೊಟ್ಟ ತಾಯಿ. ಗಂಡ ಯಾವ ಕಡೆ ಕೂರುವುದೆಂದು ತಿಳಿಯದೆ ಬಾಗಿಲ ಬಳಿ ನಿಂತಿದ್ದ.

ಮಾತು ಶುರುವಾಯಿತು, ಮುಗಿಯುವ ಲಕ್ಷಣವಿರಲಿಲ್ಲ. ಹಳೆಯ ಸೈನಿಕರು ಬೇಲಿಯ ವಿಷಯ ಬಿಟ್ಟು ಸೇನಾಪತಿಯನ್ನು ಕುದುರೆಯ ಮೇಲೆ ವಾಪಸು ಕೂರಿಸಿ ಎಂದರು. ನಾಯಿ ಸಾಕಿದವರು ನಾಯಿಗಳಿಗೊಂದು ಮೂಲೆ ಕೇಳಿದರು. ಒಬ್ಬ ಎದ್ದು ಪಾರ್ಕು ಅರಸರದ್ದೇ ಅಲ್ಲ, ಅದಕ್ಕೂ ಮುಂಚೆ ನಮ್ಮ ಮುತ್ತಜ್ಜ ದನ ಮೇಯಿಸುತ್ತಿದ್ದ ಮಾಳ ಎಂದ. ಇನ್ನೊಬ್ಬ, ಮೇಯಿಸುತ್ತಿದ್ದದ್ದು ನಮ್ಮ ಮುತ್ತಜ್ಜ, ನಿಮ್ಮವನು ಹಾಲಿಗೆ ನೀರು ಹಾಕುತ್ತಿದ್ದ ಎಂದ. ಅವರಿಬ್ಬರನ್ನು ಬಿಡಿಸಿದ ಮೇಲೆ ಮೇಷ್ಟ್ರು ನಿಂತರು. ಪಾರ್ಕಿನ ಇತಿಹಾಸವನ್ನು ಬುಡದಿಂದ ಹೇಳುತ್ತೇನೆ ಎಂದರು. ಬುಡವೇ ಮುಗಿಯಲಿಲ್ಲ. ಅಧಿಕಾರಿ ಮೂಗು ಒರೆಸಿಕೊಳ್ಳುತ್ತಾ ಗಡಿಯಾರ ನೋಡಿದ. "ಇನ್ನೊಂದೇ ಮಾತು ಸ್ವಾಮಿ, ಇನ್ನೊಂದೇ ಮಾತು" ಎಂದರು ಮೇಷ್ಟ್ರು.

ಸೀಟಿಯಮ್ಮ ತನ್ನ ಸರದಿಗಾಗಿ ಕಾಯುತ್ತಿದ್ದಳು. ಹೇಳಬೇಕೆಂದುಕೊಂಡದ್ದೆಲ್ಲ ಒಂದೊಂದಾಗಿ ಮರೆಯುತ್ತಿತ್ತು. ಕಿಟಕಿಯ ಹೊರಗೆ ಬೆಳಕು ಇಳಿಯಿತು. ಕೋಣೆಯ ತುಂಬ ಗುಜುಗುಜು, ಹಿಂದಿನ ಸಾಲಿನಲ್ಲಿ ಮಗುವಿನ ರಚ್ಚೆ, ಮುಂದೆ ಇನ್ನೊಂದೇ ಮಾತು. ಇಷ್ಟು ವರ್ಷ ದಿನಾ ಈ ಹೊತ್ತಿಗೆ ಸರಿಯಾಗಿ ಎದ್ದು ಬಂದ ಅದೇ ಸಿಟ್ಟು ಅವಳ ಮೈಯಲ್ಲಿ ಎದ್ದಿತು. ಸುಮ್ಮನಿರಿ ಎಂದು ಹೇಳುವುದಷ್ಟೇ ಅವಳ ಉದ್ದೇಶ. ಕೋಟಿನ ಜೇಬಿಗೆ ಕೈ ಹೋಯಿತು, ಸೀಟಿ ಬಾಯಿಗೆ ಬಂತು, ಊದಿಯೇಬಿಟ್ಟಳು.

ಜನ ಎದ್ದುನಿಂತರು.

ಒಬ್ಬಿಬ್ಬರಲ್ಲ, ಇಡೀ ಕೋಣೆ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಚೀಲ ಎತ್ತಿಕೊಂಡರು, ಮಕ್ಕಳ ಕೈ ಹಿಡಿದರು, ಥೂ ಇವಳದ್ದೊಂದು ಎಂದು ಗೊಣಗಿದರು, ಬಾಗಿಲ ಕಡೆ ನಡೆದರು. ಮುತ್ತಜ್ಜಂದಿರ ಮರಿಮಕ್ಕಳು ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಹೋದರು. ಎಲ್ಲಕ್ಕಿಂತ ಸೋಜಿಗವೆಂದರೆ ಮೇಷ್ಟ್ರು. ವಾಕ್ಯದ ನಡುವೆಯೇ ಬಾಯಿ ಮುಚ್ಚಿ, ಛತ್ರಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟೇಹೋದರು.

"ಅಯ್ಯೋ ಕೂತ್ಕೊಳ್ಳಿ! ಕೂತ್ಕೊಳ್ರೀ! ಅದಕ್ಕಲ್ಲ ಊದಿದ್ದು!" ಎಂದು ಅವಳು ಗಂಟಲು ಹರಿಯುವಂತೆ ಕೂಗಿದಳು. ಅವಳ ಬಾಯಲ್ಲಿ ಯಾವತ್ತೂ 'ಏಳಿ' ಎಂಬುದನ್ನೇ ಕೇಳಿದ್ದ ಜನಕ್ಕೆ ಈ ಹೊಸ ಮಾತು ಕಿವಿಗೇ ಬೀಳಲಿಲ್ಲ.

ಕೋಣೆ ಖಾಲಿಯಾಯಿತು. ಅಧಿಕಾರಿಗೆ ಆದದ್ದೇನೆಂದು ತಿಳಿಯದಿದ್ದರೂ, ಆದದ್ದು ಒಳ್ಳೆಯದೇ ಆಯಿತು ಎಂಬಂತೆ ಗಂಟಲು ಸರಿಮಾಡಿಕೊಂಡ. "ಯೋಜನೆಗೆ ಆಕ್ಷೇಪ ಇರುವವರು ಕೈ ಎತ್ತಿ."

ಅವಳು ಸಿಟ್ಟಿಗೆ ಎರಡೂ ಕೈ ಎತ್ತಿದಳು. ಒಂದೇ ಲೆಕ್ಕಕ್ಕೆ ಬಂತು. ಮಗಳು ತುಟಿ ಕಚ್ಚಿಕೊಂಡು ನಕ್ಷೆಯ ಸುರುಳಿಯ ಹಿಂದೆ ಮುಖ ಮರೆಸಿಕೊಂಡಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಎಂದು ತಾಯಿ ದಿಟ್ಟಿಸಿದಳು. ನಗುತ್ತಿದ್ದಳು. ಬಾಗಿಲ ಬಳಿ ಗಂಡನಂತೂ ಗೋಡೆ ಹಿಡಿದುಕೊಂಡು ನಿಂತಿದ್ದ.

"ನಗ್ರೀ, ನಗಿ. ಇದ್ದ ಮನೆ ಹೋಯ್ತು ಅಂತ ನಗಿ."

ಮರುದಿನ ಬೆಳಗಾಗುವಷ್ಟರಲ್ಲಿ ಊರೆಲ್ಲ ಅವಳ ಮೇಲೆ ಎಗರಿಬಿದ್ದಿತ್ತು. ಮಗಳಿಗೋಸ್ಕರ ಬೇಕೆಂತಲೇ ಊದಿದಳು ಎಂದರು. ಒಳಗೊಳಗೇ ಇಲಾಖೆಯ ಜೊತೆ ಸೇರಿಕೊಂಡಿದ್ದಳು ಎಂದರು. ಮೇಷ್ಟ್ರು ಗೇಟಿನ ಮುಂದೆಯೇ ಹಿಡಿದು ನಿಲ್ಲಿಸಿದರು.

"ನಮ್ಮನ್ನೆಲ್ಲ ನಡುನೀರಲ್ಲಿ ಕೈಬಿಟ್ಟೆಯಲ್ಲ ತಾಯಿ!"

"ಎದ್ದು ಹೋಗಿ ಅಂತ ನಿಮಗೆ ಹೇಳಿದ್ಯಾರು?"

"ಇನ್ಯಾರು? ಸೀಟಿ ಊದಿದ್ದು ನೀನೇ ತಾನೇ?"

"ಇಷ್ಟು ವರ್ಷ ಊದಿದ್ದೀನಿ. ಒಂದು ದಿನ, ಒಂದೇ ಒಂದು ದಿನ ಎದ್ದು ಮನೆಗೆ ಹೋಗಿದ್ದೀರಾ? ನಿನ್ನೇನೇ ಎದ್ದೇಳಬೇಕಿತ್ತಾ ನೀವು?"

ಮೇಷ್ಟ್ರು ಛತ್ರಿ ಬೀಸುತ್ತಾ ಕೊಳದ ಕಡೆಗೆ ನಡೆದುಬಿಟ್ಟರು.

ಬೇಲಿ ಕತ್ತರಿಸಲು ಆಳುಗಳು ಬಂದರು. ಅವಳು ಅವರಿಗೆ ಚಹಾ ಕೊಟ್ಟಳು, ಹೂಪಾತಿಯ ಮೇಲೆ ಕಬ್ಬಿಣ ಎಸೆದದ್ದಕ್ಕೆ ಜನ್ಮ ಜಾಲಾಡಿದಳು, ಮತ್ತೆ ಚಹಾ ಕೊಟ್ಟಳು. ಬೇಲಿ ಎಲ್ಲ ಹೋಗಿ ಗೇಟೊಂದೇ ಉಳಿದಾಗ ಇಲಾಖೆಯ ಹಿರಿಯ ಸಾಹೇಬರು ಬಂದು, ಗೇಟನ್ನು ನೆನಪಿಗಾಗಿ ಹಾಗೆಯೇ ಬಿಡೋಣ, ನೋಡಲು ಚೆನ್ನಾಗಿದೆ, ನೀವೂ ಬೇಕಾದರೆ ಕೋಣೆಯಲ್ಲೇ ಇರಬಹುದು ಎಂದರು. ಉಪಕಾರ ಮಾಡುತ್ತಿದ್ದೇವೆ ಎಂದೇ ಅವರು ತಿಳಿದಿದ್ದು.

"ಬೇಡ ಸಾಹೇಬ್ರೇ" ಎಂದಳು ಸೀಟಿಯಮ್ಮ. "ಬೇಲಿ ಇಲ್ಲದ ಗೇಟಿಗೆ ಬೀಗ ಹಾಕಿ ಹಾಕಿ ನಮ್ಮಪ್ಪ ಊರವರ ಬಾಯಲ್ಲಿ ನಗೆಪಾಟಲಾಗಿ ಹೋದ. ತೆಗೆಯೋದಾದ್ರೆ ನೆಟ್ಟಗೆ ತೆಗೀರಿ. ಅರ್ಧಂಬರ್ಧ ಮಾಡಿ ನನ್ನ ಹೊಟ್ಟೆ ಉರಿಸ್ಬೇಡಿ."

ಗೇಟು ಲಾರಿ ಹತ್ತುವಾಗ ಅವಳು ಒಳಗೆ ಪಾತ್ರೆ ಕಟ್ಟುತ್ತಿದ್ದಳು. ಹೊರಗೆ ಬಂದು ನೋಡಲಿಲ್ಲ. ಮಗಳು ಬಂದು ಪಾತ್ರೆಗಳ ನಡುವೆ ಹಳೆಯ ಬಟ್ಟೆ ತುರುಕಿ ಕೊಡತೊಡಗಿದಳು. ಡಬ್ಬಿಯೊಂದರ ಮುಚ್ಚಳ ಹೊಂದದೆ ತಾಯಿ ಅದನ್ನು ಬಡಿದಾಗ ಮಗಳು ಕೈಯಿಂದ ತೆಗೆದುಕೊಂಡಳು. "ಇದು ಆ ದೊಡ್ಡ ಡಬ್ಬಿದು ಅಮ್ಮ." ಗಂಡನ ಮೂಲಕವಲ್ಲದೆ ನೇರವಾಗಿ ಆಡಿದ ಮಾತು ಅದು, ಅಲ್ಲಿಂದ ಮನೆಯಲ್ಲಿ ಮಾತು ಮತ್ತೆ ಶುರುವಾಯಿತು.

ಹೊಸ ಮನೆ ಪಾರ್ಕಿನ ಎದುರಿನ ಬೀದಿಯಲ್ಲಿ, ಮೂರನೇ ಮಹಡಿ. ಅವಳನ್ನು ಇಲಾಖೆಯ ಸಸಿತೋಟಕ್ಕೆ ಹಾಕಿದರು. ಸಸಿಗಳು ಏಳಿ ಎಂದರೆ ಏಳುವುದಿಲ್ಲ, ಕೂರಿ ಎಂದರೆ ಕೂರುವುದಿಲ್ಲ. ಬೈದರೆ ತಿರುಗಿ ಬೈಯುವುದೂ ಇಲ್ಲ. ಎಂಥ ಸಪ್ಪೆ ಕೆಲಸವಪ್ಪಾ ಎಂದು ಅವಳು ಗೊಣಗುತ್ತಿದ್ದಳು.

ಗೇಟೂ ಹೋಗಿ ಹೊಸ ಮನೆಗೆ ಬಂದ ಮೊದಲ ಸಂಜೆ ಅವಳು ಮನೆಯಲ್ಲಿ ನಿಲ್ಲಲಾರದೆ ಕೆಳಗಿಳಿದು ಬಂದು ಬೀದಿಯಂಚಿನಲ್ಲಿ ನಿಂತಿದ್ದಳು. ಈಗ ನೋಡಿ ಮಜ, ಒಬ್ಬನಾದರೂ ಎದ್ದು ಹೋಗುತ್ತಾನಾ ನೋಡಿ ಎಂದು ಮನಸ್ಸಿನಲ್ಲೇ ಎಲ್ಲರಿಗೂ ಸವಾಲು ಹಾಕಿದಳು. ಬೆಳಕು ಇಳಿಯಿತು. ಚದುರಂಗದವರು ಹಲಗೆ ಮಡಚಿದರು. ತಾಯಂದಿರು ಮಕ್ಕಳನ್ನು ಕರೆದರು. ಮೇಷ್ಟ್ರು ತಾವಾಗಿಯೇ ನಿಂತು, ಅತ್ತಿತ್ತ ನೋಡಿ, ಯಾರೂ ತಡೆಯುವವರಿಲ್ಲದ ಮೇಲೆ ಇನ್ನೇನು ನಡೆಯುವುದು ಎಂಬಂತೆ ಮನೆಯ ದಾರಿ ಹಿಡಿದರು. ಯಾರೂ ಊದದೆ, ಕೂಗದೆ, ಬೆನ್ನು ಹತ್ತದೆ, ಎಲ್ಲರೂ ಮರ್ಯಾದೆಯಾಗಿ ಮನೆಗೆ ಹೋದರು. ಜೀವಮಾನದಲ್ಲಿ ಅವಳಿಗೆ ಅಷ್ಟು ಸಿಟ್ಟು ಬಂದದ್ದೇ ಇಲ್ಲ. ಹಾಗಾದರೆ ತಾನೂ ಅಪ್ಪನೂ ಇಷ್ಟು ವರ್ಷ ಯಾತಕ್ಕೆ ಒದ್ದಾಡಿದ್ದು?

ಹಾಗೆಂದು ಅವಳು ಹೆದರಿದ್ದೆಲ್ಲ ಸುಳ್ಳಾಗಲೂ ಇಲ್ಲ. ಎರಡು ಬೆಂಚು ಮುರಿದವು. ಗುಲಾಬಿ ಗಿಡಗಳು ಬುಡಸಮೇತ ಮಾಯವಾದವು. ಸ್ಕೂಟರಿನವರು ಹುಲ್ಲನ್ನು ಉತ್ತುಹಾಕಿದರು. ಪ್ರತಿಯೊಂದನ್ನೂ ಅವಳು ಊಟದ ಹೊತ್ತಿಗೆ ವರದಿ ಮಾಡಿದಳು. ಮಗಳು ಮುಖ ಊದಿಸಿಕೊಂಡು ಕೇಳಿಸಿಕೊಂಡಳು, ಅಂಚಿನುದ್ದಕ್ಕೂ ಗುಂಡುಕಲ್ಲು ನೆಡಿಸಿದಳು. ಸ್ಕೂಟರು ನಿಂತಿತು, ಗುಲಾಬಿ ಮಾತ್ರ ವಾಪಸು ಬರಲಿಲ್ಲ. ದೀಪ ಹತ್ತಿದ ಮೇಲೂ ಪಕ್ಕದ ಗಲ್ಲಿಗಳ ಹೆಣ್ಣುಮಕ್ಕಳು ಉಯ್ಯಾಲೆಯ ಬಳಿ ಸರದಿಗಾಗಿ ಜಗಳಾಡುತ್ತಿದ್ದರು. ಮಗಳು ಕೆಲಸದಿಂದ ಬರುವಾಗ ಅಲ್ಲಿ ಸುಮ್ಮನೆ ನಿಲ್ಲುತ್ತಿದ್ದುದನ್ನು ಸೀಟಿಯಮ್ಮ ಮೂರನೇ ಮಹಡಿಯಿಂದ ನೋಡುತ್ತಿದ್ದಳು. ಅದರ ಬಗ್ಗೆ ಮಾತ್ರ ಊಟದ ಹೊತ್ತಿನಲ್ಲಿ ಏನೂ ಹೇಳಲಿಲ್ಲ.

ಈಗೀಗ ತಾಯಿ ಮಗಳು ಒಟ್ಟಿಗೇ ಪಾರ್ಕಿಗೆ ಹೋಗುತ್ತಾರೆ. ನಡೆಯಲು ಅಲ್ಲ, ಜಗಳಕ್ಕೆ. ಬಸ್ ನಿಲ್ದಾಣದ ಕಡೆಯಿಂದ ಬರುವವರು ಹುಲ್ಲಿನ ನಡುವೆಯೇ ಹಾದು ಹಾದು ಅಲ್ಲೊಂದು ಕಾಲುದಾರಿ ಬಿದ್ದಿದೆ. ಮಗಳು ಅದಕ್ಕೆ ಕಲ್ಲು ಹಾಸಿಸಬೇಕು ಎನ್ನುತ್ತಾಳೆ. ತಾಯಿ ಅಡ್ಡಲಾಗಿ ಮುಳ್ಳುಗಿಡ ನೆಡಬೇಕು ಎನ್ನುತ್ತಾಳೆ.

"ಜನ ನಡೆಯೋ ಕಡೆ ದಾರಿ ಮಾಡೋದಮ್ಮ."

"ಜನ ನಿನ್ನ ತಲೆ ಮೇಲೂ ನಡೀತಾರೆ. ಅಲ್ಲೂ ಕಲ್ಲು ಹಾಸು."

"ಮುಳ್ಳು ನೆಟ್ರೆ ಅದರ ಪಕ್ಕದಲ್ಲಿ ಇನ್ನೊಂದು ದಾರಿ ಮಾಡ್ತಾರೆ."

"ಅಲ್ಲೂ ನೆಡೋಣ. ನಮ್ಮ ತೋಟದಲ್ಲಿ ಸಸಿಗೇನು ಬರಗಾಲವಾ?"

ಬಸ್ಸಿನಿಂದ ಇಳಿದವರು ಅವರಿಬ್ಬರನ್ನು ಬಳಸಿಕೊಂಡು ಆ ಕಾಲುದಾರಿಯಲ್ಲೇ ದಾಟಿ ಹೋಗುತ್ತಾರೆ. ಸೀಟಿಯಮ್ಮ ಒಬ್ಬೊಬ್ಬರನ್ನೂ ಕೆಕ್ಕರಿಸಿ ನೋಡುತ್ತಾಳೆ, ಅವರು ಏನಮ್ಮಾ ಚೆನ್ನಾಗಿದ್ದೀರಾ ಎನ್ನುತ್ತಾರೆ. ಮೂರನೇ ಮಹಡಿಯ ಕಿಟಕಿಯಿಂದ ಗಂಡ ಊಟ ಆರುತ್ತಿದೆ ಎಂದು ಕೂಗುತ್ತಾನೆ. ಬಂದ್ವಿ ಎಂದು ಇಬ್ಬರೂ ಒಟ್ಟಿಗೇ ಕೂಗಿ ಹೇಳಿ, ಮುಳ್ಳುಗಿಡ ಎಷ್ಟು ದಪ್ಪ ಬರುತ್ತದೆ ಎಂಬ ಮಾತಿಗೆ ತಿರುಗುತ್ತಾರೆ.